77ನೇ ರ‍್ಯಾಂಕಿನ ಗುಂಡ

(ಮೈಸೂರಿನ ನಮ್ಮ ಬಡಾವಣೆಯ ವಾಚನಾಲಯದಲ್ಲಿ ಭಾನುವಾರ ಬೆಳಿಗ್ಗೆ ನಡೆಯುವ ಮಾತುಕತೆಯಲ್ಲಿ ಆಡಿದ್ದು. ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಂಡು ಬರೆದುಕೊಟ್ಟವಳು ನನ್ನ ಹಳೇ ವಿದ್ಯಾರ್ಥಿನಿ. ಮಾತು ತೀರಾ ಬೆಳೆದ ಕಡೆ ನಾನೇ ಕತ್ತರಿ ಆಡಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾಲ್ಕು ಹಾಳೆ ಬರ್ಕೊಂಡಿದ್ದೆ, ಕೈಯಲ್ಲಿರೋದು ಮೂರು. ನಾಲ್ಕನೇದು ಎಲ್ಲಿದೆ ಅಂತ ಗೊತ್ತು. ಅದನ್ನ ಬಿಡಿಸ್ಕೊಂಡು ಬರೋಕೆ ಬೆಳಿಗ್ಗೆ ಮನೇಲಿ ಸೌತೆಕಾಯಿ ಇರಲಿಲ್ಲ. ಸೌತೆಕಾಯಿ ಯಾಕೆ ಅಂತ ಮುಂದೆ ಹೇಳ್ತೀನಿ.

ನಾನು ಆಸೆಪಟ್ಟು ನಾಯಿ ಸಾಕಿದವಳಲ್ಲ. ಸರ್ಕಾರಿ ಹೈಸ್ಕೂಲಲ್ಲಿ 31 ವರ್ಷ ಗಣಿತ ಹೇಳಿಕೊಟ್ಟು, ಇನ್ನು ಯಾರಿಗೂ ಏನೂ ಕಲಿಸೋ ಗೋಜು ಬೇಡ ಅಂತ ನೆಮ್ಮದಿಯಾಗಿ ಕೂತಿದ್ದೆ. ಮಗ ಬೆಂಗಳೂರಲ್ಲಿ ಕೆಲಸದಲ್ಲಿದ್ದಾಗ ಒಂದು ಇಂಗ್ಲಿಷ್ ಬುಲ್‌ಡಾಗ್ ಮರಿ ತಗೊಂಡ. ಅದಕ್ಕೆ ವರ್ಷ ತುಂಬೋ ಹೊತ್ತಿಗೆ ಅವನಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿತು. ಈ ಮೊಂಡು ಮೂತಿಯ ನಾಯಿಗಳನ್ನ ಎಷ್ಟೋ ವಿಮಾನದವರು ಹತ್ತಿಸ್ಕೊಳ್ಳೋದೇ ಇಲ್ಲ, ದಾರೀಲಿ ಉಸಿರು ಕಟ್ಟೀತು ಅಂತ. "ಆರು ತಿಂಗಳು ಇಟ್ಕೊಂಡಿರಮ್ಮ" ಅಂದ. ಅದಾಗಿ ಆರು ವರ್ಷ.

ಗುಂಡನನ್ನ ನೀವೆಲ್ಲ ನೋಡಿದೀರ. ಇಪ್ಪತ್ನಾಲ್ಕು ಕೇಜಿ. ಒರಳುಕಲ್ಲಿಗೆ ನಾಲ್ಕು ಕಾಲು ಸಿಗಿಸಿದ ಹಾಗೆ. ಮುಖ ನೋಡಿದ್ರೆ ಯಾರೋ ಸಾಲ ವಾಪಸ್ ಕೊಡದೆ ಓಡಿಹೋಗಿದ್ದಾರೆ ಅನ್ನೋ ಥರ. ಪಕ್ಕದ ಬೀದಿಯ ಪುಟ್ಟ ಹುಡುಗಿ ಮೊದಲ ದಿನ "ಮಿಸ್, ಇದು ಹಂದೀನಾ?" ಅಂದ್ಲು. ಹೂ ಮಾರೋ ಅಮ್ಮ "ಹಚ್ ನಾಯಿ ಎಷ್ಟು ದೊಡ್ಡದಾಗಿ ಬೆಳೆದುಬಿಟ್ಟಿದೆ" ಅಂದ್ರು. ಅವರು ಹೇಳಿದ್ದು ಪಗ್. ಮೊಬೈಲ್ ಜಾಹೀರಾತಲ್ಲಿ ಹುಡುಗನ ಹಿಂದೆ ಓಡ್ತಿತ್ತಲ್ಲ, ಅದು. ಗುಂಡ ಯಾರ ಹಿಂದೆಯೂ ಓಡೋದಿಲ್ಲ.

ಮಗ ಮೊದಲೇ ಎಚ್ಚರಿಸಿದ್ದ. "ಅಮ್ಮ, ಏನೂ ಹೇಳಿಕೊಡೋಕೆ ಹೋಗಬೇಡ. ಬುದ್ಧಿವಂತಿಕೇಲಿ ಇದು ಕೆಳಗಿನಿಂದ ಮೂರನೇದು" ಅಂತ. ಗಣಿತದ ಟೀಚರಿಗೆ ಹೀಗಂದ್ರೆ ಸುಮ್ಮನಿರೋಕಾಗುತ್ತಾ? ಯಾರು ಕೊಟ್ಟ ರ‍್ಯಾಂಕು, ಪ್ರಶ್ನೆಪತ್ರಿಕೆ ಏನಿತ್ತು, ಪೇಪರ್ ತಿದ್ದಿದವರು ಯಾರು ಅಂತ ಹುಡುಕೋಕೆ ಕೂತೆ.

ಸ್ಟ್ಯಾನ್ಲಿ ಕೋರೆನ್ ಅಂತ ಒಬ್ಬ ಮನಶ್ಶಾಸ್ತ್ರಜ್ಞರು, ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದವರು. 1994ರಲ್ಲಿ ನಾಯಿಗಳ ಬುದ್ಧಿವಂತಿಕೆ ಮೇಲೆ ಪುಸ್ತಕ ಬರೆದ್ರು. ಅಮೆರಿಕ, ಕೆನಡಾದಲ್ಲಿ ನಾಯಿಗಳಿಗೆ ವಿಧೇಯತೆಯ ಸ್ಪರ್ಧೆ ನಡೀತವೆ: ಕೂರು ಅಂದ್ರೆ ಕೂರಬೇಕು, ಬಾ ಅಂದ್ರೆ ಬರಬೇಕು. ಆ ಸ್ಪರ್ಧೆಗಳ ತೀರ್ಪುಗಾರರು ಸುಮಾರು 200 ಜನರನ್ನ ಕೇಳಿ 79 ರ‍್ಯಾಂಕುಗಳ ಪಟ್ಟಿ ಮಾಡಿದ್ರು. ಮೊದಲನೇದು ಬಾರ್ಡರ್ ಕೋಲಿ, ಕುರಿ ಕಾಯೋ ನಾಯಿ. ಎರಡನೇದು ಪೂಡಲ್. ಕಟ್ಟಕಡೇದು ಅಫ್ಘನ್ ಹೌಂಡ್. ನಮ್ಮವನು 77. ಮೇಲಿನ ಸಾಲಿನ ನಾಯಿಗಳು ಹೊಸ ಮಾತನ್ನ ಐದು ಸಲದೊಳಗೆ ಕಲಿತು, ನೂರಕ್ಕೆ 95 ಬಾರಿ ಮೊದಲ ಕೂಗಿಗೇ ಮಾಡ್ತಾವೆ. ಕೆಳಗಿನ ಸಾಲಿನವಕ್ಕೆ 80ರಿಂದ 100 ಸಲ ಹೇಳಬೇಕು; ಕಲಿತ ಮೇಲೂ ಮೊದಲ ಕೂಗಿಗೆ ಮಾಡೋದು ನೂರಕ್ಕೆ 25 ಸಲ, ಅಷ್ಟೂ ಇಲ್ಲ.

ಓದಿ ನಕ್ಕುಬಿಟ್ಟೆ. ಇದು ಬುದ್ಧಿಯ ಪರೀಕ್ಷೆ ಅಲ್ಲ, ನಡತೆ ಸರ್ಟಿಫಿಕೇಟು. ಕೋರೆನ್ ಅವರೂ ಅದನ್ನ ಮುಚ್ಚಿಟ್ಟಿಲ್ಲ. ಹುಟ್ಟಿನಿಂದ ಬಂದ ಕಸುಬಿನ ಬುದ್ಧಿ ಬೇರೆ, ತನ್ನ ಕಷ್ಟ ತಾನೇ ಬಿಡಿಸಿಕೊಳ್ಳೋ ಬುದ್ಧಿ ಬೇರೆ, ಹೇಳಿದ್ದು ಕೇಳೋ ಬುದ್ಧಿ ಬೇರೆ ಅಂತ ಮೂರು ಭಾಗ ಮಾಡಿದ್ದಾರೆ. ಪಟ್ಟಿ ಇರೋದು ಮೂರನೇದಕ್ಕೆ ಮಾತ್ರ. ಜನ ಪಟ್ಟಿ ಇಟ್ಕೊಂಡ್ರು, ಉಳಿದ ಅಧ್ಯಾಯ ಬಿಟ್ಟರು. ನಮ್ಮ ಮುಧೋಳ ನಾಯಿ ಅದರಲ್ಲಿಲ್ಲ. ಇದ್ದಿದ್ರೆ ಅಫ್ಘನ್ ಹೌಂಡಿನ ಪಕ್ಕದ ಬೆಂಚಲ್ಲೇ ಕೂರಿಸ್ತಿದ್ರೇನೋ. ಎರಡೂ ಕಣ್ಣಿಗೆ ಬಿದ್ದ ಮೊಲದ ಹಿಂದೆ ತಮ್ಮ ಪಾಡಿಗೆ ತಾವು ಓಡೋ ಜಾತಿ. ಯಜಮಾನನ ಬಾಯಿ ನೋಡ್ಕೊಂಡು ನಿಂತ್ರೆ ಮೊಲ ಸಿಗುತ್ತಾ?

ಇನ್ನೊಂದು ವಿಷಯ. ಬುಲ್‌ಡಾಗ್ ಅಂದ ತಕ್ಷಣ ಚರ್ಚಿಲ್ ಅಂತಾರೆ. ಅದೇ ಗದ್ದ, ಅದೇ ಹಠ. ಆ ಮನುಷ್ಯ ದೊಡ್ಡವರಾದ ಮೇಲೆ ಮನೇಲಿ ಮುದ್ದಾಗಿ ಸಾಕಿದ್ದು ಪೂಡಲ್, ರೂಫಸ್ ಅಂತ ಹೆಸರು. ಎರಡನೇ ರ‍್ಯಾಂಕು!

ಈಗ ಸೌತೆಕಾಯಿಗೆ ಬರ್ತೀನಿ.

ಗುಂಡ ಬಂದ ಮೂರನೇ ತಿಂಗಳು ನಮ್ಮ ಯಜಮಾನ್ರ ಕನ್ನಡಕ ಬಾಯಲ್ಲಿ ಕಚ್ಕೊಂಡು ಮಂಚದ ಕೆಳಗೆ ಹೋದ. ಅವನಿಗೆ ಅಲ್ಲಿ ಅಳತೆ ಮಾಡಿಸಿದ ಹಾಗೆ ಜಾಗ. ನಮಗೆ ಬಗ್ಗೋಕಾಗಲ್ಲ: ಅವರಿಗೆ ಮಂಡಿ, ನನಗೆ ಸೊಂಟ. ಪೊರಕೆ ಕಡ್ಡಿ ತೂರಿಸಿದ್ರೆ ಅದನ್ನೂ ಹಿಡ್ಕೊಂಡ. ಕೊನೆಗೆ ನಾನು ಒಂದು ಹೋಳು ಸೌತೆಕಾಯಿ ತೋರಿಸಿದೆ. ತೆವಳ್ಕೊಂಡು ಹೊರಗೆ ಬಂದು, ಕನ್ನಡಕ ನೆಲದ ಮೇಲಿಟ್ಟು, ಸೌತೆಕಾಯಿ ತಗೊಂಡ. ಗಾಜಿಗೆ ಒಂದು ಗೀರಿಲ್ಲ, ಬರೀ ಜೊಲ್ಲು. "ಎಷ್ಟು ಜಾಣ!" ಅಂತ ಇಬ್ಬರೂ ತಲೆ ಸವರಿದ್ವಿ. ನಾವು ಮಾಡಿದ ತಪ್ಪು ಅದೇ.

ಮಾರನೇ ದಿನ ಟೀವಿ ರಿಮೋಟು. ಅದರ ಮಾರನೇ ದಿನ ನನ್ನ ಒಂದು ಹವಾಯಿ ಚಪ್ಪಲಿ. ಚಪ್ಪಲಿಗೆ ನಾವು ಎದ್ದೇ ಇಲ್ಲ, ಹೋದ್ರೆ ಹೋಗ್ಲಿ ಹಳೇದು ಅಂತ. ಹತ್ತು ನಿಮಿಷ ಕಾದ, ಚಪ್ಪಲಿಯನ್ನ ಅಲ್ಲೇ ಬಿಟ್ಟು ಹೋದ. ಇವತ್ತಿಗೂ ಅವನು ಚಪ್ಪಲಿ ಮುಟ್ಟಲ್ಲ. ಯಾವ ವಸ್ತುವಿಗೆ ಮನುಷ್ಯರು ಕುರ್ಚಿ ಬಿಟ್ಟು ಏಳ್ತಾರೆ ಅನ್ನೋದನ್ನ ಅವನು ಒಂದೊಂದಾಗಿ ಪರೀಕ್ಷೆ ಮಾಡಿದ. ಹಳೇ ಪೇಪರಿಗೆ ಏಳಲ್ಲ, ಆ ದಿನದ ಪೇಪರಿಗೆ ಏಳ್ತಾರೆ. ಖಾಲಿ ಪರ್ಸಿಗೆ ಏಳಲ್ಲ. ಮಾತ್ರೆ ಡಬ್ಬಿಗೆ ಓಡಿ ಬರ್ತಾರೆ, ಇಬ್ಬರೂ!

ಕ್ಯಾಲೆಂಡರಿನ ಹಿಂದೆ ನಾನು ದರ ಬರೆದಿಡೋಕೆ ಶುರು ಮಾಡಿದೆ. ಪೇಪರಿಗೆ ಒಂದು ಹೋಳು, ರಿಮೋಟಿಗೆ ಒಂದು, ಕನ್ನಡಕಕ್ಕೆ ಎರಡು. ಮಾತ್ರೆ ಡಬ್ಬಿ ಹಿಡಿದ ದಿನ ಗಾಬರಿಯಲ್ಲಿ ಮೂರು ಹೋಳು ಒಟ್ಟಿಗೆ ತೋರಿಸಿದೆ. ಅವತ್ತಿನಿಂದ ಕನ್ನಡಕಕ್ಕೂ ಎರಡು ತೋರಿಸಿದ್ರೆ ಬರ್ತಿರಲಿಲ್ಲ. ಮೂತಿ ಮಾತ್ರ ಮಂಚದ ಅಂಚಿಗೆ ತಂದು, ಹೋಳುಗಳನ್ನ ನೋಡಿ, ನನ್ನನ್ನ ನೋಡಿ, ವಾಪಸ್ ಒಳಗೆ. ಇವನಿಗೆ ಎಣಿಕೆ ಬರುತ್ತೆ ಅಂತ ನಾನು ಹೇಳ್ತಿಲ್ಲ. ಹೆಚ್ಚು ಕಡಿಮೆ ಗೊತ್ತಾಗುತ್ತೆ, ಮತ್ತೆ ಎಷ್ಟು ಹೊತ್ತು ಕಾದ್ರೆ ಎದುರಿನವರು ಸೋಲ್ತಾರೆ ಅನ್ನೋದು ಚೆನ್ನಾಗಿ ಗೊತ್ತಾಗುತ್ತೆ. ಗುಂಡನ ಡಾಕ್ಟ್ರಿಗೆ ಹೇಳಿದಾಗ ಅವರು ನಗಲಿಲ್ಲ. "ಮೇಡಂ, ನೀವು ಅವನಿಗೆ ಕದಿಯೋಕೆ ಸಂಬಳ ಕೊಡ್ತಿದ್ದೀರ" ಅಂದ್ರು.

ಓಡೋ ನಾಯಿಯ ತುಂಟತನ ಬೇರೆ. ಅದು ಕದ್ದು ಓಡುತ್ತೆ, ನೀವು ಅಟ್ಟಿಸ್ತೀರ. ಬುಲ್‌ಡಾಗಿಗೆ ಓಡೋ ಶಕ್ತಿ ಇಲ್ಲ. ಹಾಗಾಗಿ ಅದರ ಕಿತಾಪತಿ ಎಲ್ಲ ಕೂತು ಮಾಡೋದು, ಲೆಕ್ಕ ಹಾಕಿ ಮಾಡೋದು. ಗುಂಡ ಕದ್ದದ್ದನ್ನ ಬಚ್ಚಿಡಲ್ಲ. ನಮ್ಮ ಮುಂದೆ ನಿಧಾನಕ್ಕೆ, ಮೆರವಣಿಗೆ ಥರ ಹೊತ್ಕೊಂಡು ಹೋಗ್ತಾನೆ. ನಾವು ನೋಡದಿದ್ರೆ ನಿಂತು ಒಂದು ಸಲ ಮೂಗಲ್ಲಿ ಬುಸ್ ಅಂತಾನೆ.

ಈಗ ಒಂದು ಪ್ರಯೋಗದ ವಿಷಯ. 2023ರಲ್ಲಿ ಪ್ರಕಟವಾದದ್ದು. ಹಂಗರಿಯ ಬುಡಾಪೆಸ್ಟಿನ ಎಟ್ವೊಶ್ ಲೊರಾಂಡ್ ವಿಶ್ವವಿದ್ಯಾಲಯದವರು ಮಾಡಿದ್ದು. ನಾಯಿಗಳ ನಡವಳಿಕೆ ಅಧ್ಯಯನದಲ್ಲಿ ಅವರು ಬಹಳ ಹೆಸರು ಮಾಡಿದವರು. 15 ಇಂಗ್ಲಿಷ್ ಬುಲ್‌ಡಾಗ್, 15 ಫ್ರೆಂಚ್ ಬುಲ್‌ಡಾಗ್, ಜೊತೆಗೆ ಹಂಗರಿಯದೇ ಕುರಿ ಕಾಯೋ ತಳಿ ಮೂಡಿ, ಅವು 13. ತೆರೆಯೋಕೆ ಸುಲಭ, ಕಷ್ಟ ಅಂತ ಬೇರೆ ಬೇರೆ ಥರದ ಮೂರು ಡಬ್ಬಿ. ನಾಯಿ ನೋಡ್ತಿದ್ದ ಹಾಗೇ ಒಳಗೆ ತಿಂಡಿ ಇಡೋದು, ಎರಡು ನಿಮಿಷ ಟೈಮ್ ಕೊಡೋದು. ಹತ್ತಿರದಲ್ಲೇ ಮನುಷ್ಯರು ನಿಂತಿರ್ತಾರೆ, ಆದರೆ ಕೈ ಹಾಕಲ್ಲ. ಮೂಡಿಗಳು ಉಗುರು ಹಾಕಿ, ಮೂತಿ ತೂರಿಸಿ, ಬೇಗ ಬೇಗ ತೆಗೆದುಬಿಟ್ಟವು. ಬುಲ್‌ಡಾಗುಗಳು ಅಷ್ಟು ತೆಗೀಲಿಲ್ಲ. ಆದರೆ ಡಬ್ಬಿ ಬಿಟ್ಟು ಹಿಂದೆ ತಿರುಗಿ ಮನುಷ್ಯರ ಮುಖ ನೋಡೋದರಲ್ಲಿ ಮೂಡಿಗಿಂತ ಸುಮಾರು ನಾಲ್ಕು ಪಟ್ಟು ಮುಂದೆ.

ಸಂಶೋಧಕರು ಹೇಳೋದೇನಂದ್ರೆ, ಇವು ಮಗುವಿನ ಹಾಗೆ ದೊಡ್ಡವರ ಮೇಲೆ ಭಾರ ಹಾಕ್ತವೆ. ಜನಕ್ಕೆ ಈ ತಳಿಗಳ ಮೇಲೆ ಇಷ್ಟು ಮೋಹ ಯಾಕೆ ಅನ್ನೋದಕ್ಕೆ ಇದೂ ಒಂದು ಕಾರಣ ಇರಬಹುದು. ನನಗೆ ನೆನಪಾಗಿದ್ದು ಪರೀಕ್ಷೆ ಹಾಲು. ಲೆಕ್ಕ ಕೊಟ್ಟ ತಕ್ಷಣ ತಲೆ ತಗ್ಗಿಸಿ ಬರೆಯೋ ಹುಡುಗರಿರ್ತಾರೆ. ಇನ್ನು ಕೆಲವರು ಪ್ರಶ್ನೆಪತ್ರಿಕೆ ನೋಡೋದೇ ಇಲ್ಲ, ನನ್ನ ಮುಖ ನೋಡ್ತಾರೆ. ನಾನು ಬೆಂಚಿನ ಹತ್ತಿರ ಹೋಗಿ ನಿಂತ್ರೆ ಸಾಕು, ಹುಬ್ಬಿನ ಮೇಲೇ ಉತ್ತರ ಓದ್ಕೊಳ್ತಾರೆ. ಅಂಥವರಲ್ಲಿ ಒಬ್ಬ ಈಗ ಇಪ್ಪತ್ತು ಲಾರಿ ಇಟ್ಟಿದ್ದಾನೆ. ಒಂದನ್ನೂ ಅವನು ಓಡಿಸಲ್ಲ.

ಗುಂಡನ ರಬ್ಬರ್ ಚೆಂಡು ದಿವಾನದ ಕೆಳಗೆ ಹೋದ್ರೆ ಅವನು ದಿವಾನದ ಹತ್ತಿರ ಹೋಗಲ್ಲ. ಯಜಮಾನ್ರ ಕುರ್ಚಿ ಮುಂದೆ ಬಂದು ಕೂತು, ದೊಡ್ಡದಾಗಿ ಒಂದು ಉಸಿರು ಬಿಡ್ತಾನೆ. ಅವರನ್ನ ನೋಡ್ತಾನೆ, ದಿವಾನ ನೋಡ್ತಾನೆ, ಮತ್ತೆ ಅವರನ್ನ. ಅವರು ಪೇಪರ್ ಮೇಲೆತ್ತಿ ಮುಖ ಮುಚ್ಕೊಂಡ್ರೆ ಪೇಪರಿನ ಕೆಳಗಿಂದ ಗದ್ದ ತೂರಿಸಿ ಅವರ ತೊಡೆ ಮೇಲಿಡ್ತಾನೆ. ಪಂಚೆ ಒದ್ದೆ. "ಬಂದೆ ಮಾರಾಯ" ಅಂತ ಗೊಣಗ್ತಾ ಪೊರಕೆ ತರ್ತಾರೆ. ಇವನಿಗೆ ತೆಗೆಯೋಕೆ ಬರಲ್ಲ ಪಾಪ ಅಂತ ನಾವು ಎರಡು ವರ್ಷ ನಂಬಿದ್ವಿ.

ಒಂದು ಸಲ ಯಜಮಾನ್ರು ಮದುವೆಗೆ ಅಂತ ಶಿವಮೊಗ್ಗಕ್ಕೆ ಹೋದ್ರು. ನಾನು ಅಡುಗೆಮನೇಲಿದ್ದೆ. ಚೆಂಡು ದಿವಾನದ ಕೆಳಗೆ ಉರುಳಿತು. ಕುರ್ಚಿ ಹತ್ತಿರ ಬಂದ, ಖಾಲಿ. ಅಡುಗೆಮನೆ ಬಾಗಿಲಿಗೆ ಬಂದು ನನ್ನನ್ನ ನೋಡಿದ. ನಾನು ಬೇಕಂತಲೇ ತಿರುಗಲಿಲ್ಲ, ಸ್ಟೀಲ್ ಡಬ್ಬಿಯ ಹೊಳಪಲ್ಲಿ ಅವನು ಕಾಣ್ತಿದ್ದ. ಸ್ವಲ್ಪ ಹೊತ್ತು ನಿಂತ. ಆಮೇಲೆ ದಿವಾನದ ಹತ್ತಿರ ಹೋಗಿ, ಒಂದು ಪಕ್ಕಕ್ಕೆ ಮಲಗಿ, ಮುಂಗಾಲು ಪೂರ್ತಿ ಒಳಗೆ ಹಾಕಿ, ಎರಡೇ ಎಳೆತಕ್ಕೆ ಚೆಂಡು ಹೊರಗೆ ತಂದ. ನಮ್ಮ ಪೊರಕೆಗಿಂತ ಬೇಗ.

ಹಾಗಾಗಿ ಆ ಬುಡಾಪೆಸ್ಟಿನವರ ಜೊತೆ ನನಗೊಂದು ಸಣ್ಣ ಜಗಳ ಇದೆ. ಅವರ ಅಂಕಿ ಮೇಲೆ ಅನುಮಾನ ಇಲ್ಲ. ಆದರೆ ಡಬ್ಬಿ ತೆಗೆಯೋಕೆ ಬಾರದೆ ತಿರುಗಿ ನೋಡ್ತವೋ, ತಿರುಗಿ ನೋಡಿದ್ರೆ ಆಗುತ್ತೆ ಅಂತ ಗೊತ್ತಿರೋದ್ರಿಂದ ತೆಗೆಯೋಕೆ ಹೋಗಲ್ವೋ? ನಾವು ಆಳು, ಅವನು ಧಣಿ ಅನ್ನೋ ಮನೇಲಿ ಬೆಳೆದ ನಾಯಿ ಡಬ್ಬಿಗೆ ಯಾಕೆ ಮೂತಿ ಸವೆಸುತ್ತೆ?

ಆ ನೋಟಕ್ಕೆ ದೇಹದಲ್ಲೂ ಕಾರಣ ಇದೆ. ಸಿಡ್ನಿ ವಿಶ್ವವಿದ್ಯಾಲಯದವರು 2004ರಲ್ಲಿ ತೋರಿಸಿದ್ದು ಇದು. ಉದ್ದ ಮೂತಿಯ ನಾಯಿಗಳ ಅಕ್ಷಿಪಟಲದಲ್ಲಿ, ಅಂದ್ರೆ ಕಣ್ಣಿನ ಒಳಪರದೇಲಿ, ನೋಟದ ಜೀವಕೋಶಗಳು ಅಡ್ಡ ಪಟ್ಟಿಯ ಹಾಗೆ ಹರಡಿರ್ತವೆ. ದಿಗಂತದಲ್ಲಿ ಅಡ್ಡ ಓಡೋ ಮೊಲ ಕಾಣೋಕೆ ಅದೇ ಬೇಕು. ಮೊಂಡು ಮೂತಿಯವುಗಳಲ್ಲಿ ಅವೇ ಕೋಶಗಳು ನಡುವೆ ಒಂದೆಡೆ ಗುಂಪಾಗಿರ್ತವೆ. ಅಂದ್ರೆ ಎದುರಿಗಿರೋದು ಸ್ಪಷ್ಟ: ಎದುರಿಗಿರೋ ಮುಖ, ಆ ಮುಖದ ಕೆಳಗಿರೋ ತಟ್ಟೆ. ಬುಡಾಪೆಸ್ಟಿನವರದ್ದೇ 2021ರ ಇನ್ನೊಂದು ಅಧ್ಯಯನದಲ್ಲಿ, ತಲೆ ಗಿಡ್ಡ ಇದ್ದಷ್ಟೂ ನಾಯಿ ಮನುಷ್ಯರ ಕಣ್ಣಿಗೆ ಕಣ್ಣು ಬೇಗ ಕೂಡಿಸುತ್ತೆ ಅಂತ ಬಂತು. ಒಳಹುಬ್ಬು ಎತ್ತಿ 'ಅಯ್ಯೋ ಪಾಪ' ಅನ್ನಿಸೋ ಸ್ನಾಯು ತೋಳಗಳಲ್ಲಿ ಇಲ್ಲವೇ ಇಲ್ಲ ಅನ್ನೋ ಅಷ್ಟು ಸಣ್ಣ, ನಾಯಿಗಳಲ್ಲಿ ಗಟ್ಟಿಯಾಗಿದೆ ಅಂತ 2019ರಲ್ಲಿ ಕಂಡುಕೊಂಡ್ರು. ನೀವು ಊಟಕ್ಕೆ ಕೂತಾಗ ಈ ಮೂರೂ ಒಟ್ಟಿಗೆ ನಿಮ್ಮ ಮೇಲೆ ಬಿದ್ರೆ ಗೆಲ್ಲೋದು ಕಷ್ಟ. ನಮ್ಮ ಯಜಮಾನ್ರು ಆರು ವರ್ಷದಲ್ಲಿ ಮೊಸರನ್ನದ ಕೊನೇ ತುತ್ತು ತಾವೇ ತಿಂದದ್ದನ್ನ ನಾನು ನೋಡಿಲ್ಲ.

ಇನ್ನು ಹಠದ ಕತೆ. ಇದು ಅಷ್ಟು ನಗು ಬರೋ ಕತೆಯಲ್ಲ.

ಇಂಗ್ಲೆಂಡಿನಲ್ಲಿ ಗೂಳಿಯನ್ನ ಗೂಟಕ್ಕೆ ಕಟ್ಟಿ ನಾಯಿ ಬಿಡೋ ಆಟ ಇತ್ತು, ನೂರಾರು ವರ್ಷ. ನಾಯಿ ನೆಲಕ್ಕೆ ಹೊಟ್ಟೆ ತಾಗಿಸ್ಕೊಂಡು ತೆವಳಿ ಹೋಗಿ ಗೂಳಿಯ ಮೂಗು ಕಚ್ಚಬೇಕು, ಕಚ್ಚಿದ್ದು ಬಿಡಬಾರದು. ಗೂಳಿ ಎತ್ತಿ ಒಗೆದ್ರೂ ಮತ್ತೆ ಬರಬೇಕು. ಬುಲ್‌ಡಾಗ್ ಅನ್ನೋ ಹೆಸರು ಬಂದದ್ದು ಅಲ್ಲಿಂದ. 1835ರ ಕಾನೂನು ಆ ಆಟ ನಿಲ್ಲಿಸಿತು. ಕಸುಬು ಹೋದ ಮೇಲೆ ನಾಯಿ ಉಳಿಯೋದು ಹೇಗೆ? ನಾಯಿ ಪ್ರದರ್ಶನಗಳು ಬಂದವು, 1860ರ ದಶಕದಲ್ಲಿ ಇದಕ್ಕೆ ಅಂತ ಸಂಘ ಕಟ್ಟಿದ್ರು, ಲಕ್ಷಣ ಬರೆದಿಟ್ರು. ಸಿಟ್ಟಿನ ಮರಿಗಳನ್ನ ಬಿಟ್ಟು ಸಾಧುವನ್ನ ಆರಿಸ್ತಾ ಹೋದ್ರು. ಸಿಟ್ಟು ಹೋಯ್ತು, ಪಟ್ಟು ಉಳೀತು. ಜೊತೆಗೇ ಮೂತಿ ಒಳಗೆ ಹೋಯ್ತು, ಕಾಲು ಗಿಡ್ಡಾಯ್ತು, ಚರ್ಮ ಮಡಿಕೆ ಬಿತ್ತು. 19ನೇ ಶತಮಾನದ ಮೊದಲ ಭಾಗದ ಚಿತ್ರಗಳನ್ನ ನೋಡಿದ್ರೆ ಗುಂಡನ ಮುತ್ತಾತ ಗುರುತೇ ಸಿಗಲ್ಲ. ಉದ್ದ ಕಾಲು, ಸಾಕಷ್ಟು ಮೂತಿ, ಹಗುರ ಮೈ.

ಉಳಿದ ಆ ಪಟ್ಟು ನಿಮಗೆಲ್ಲ ಗೊತ್ತು, ಯಾಕಂದ್ರೆ ವಾಕಿಂಗ್ ಹೊತ್ತಲ್ಲಿ ರಸ್ತೆ ಮಧ್ಯೆ ಗುಂಡ ಧರಣಿ ಕೂರೋದನ್ನ ನೋಡಿದೀರ. ಮನೆ ಕಡೆ ತಿರುಗೋ ಕ್ರಾಸ್ ಬಂದ ತಕ್ಷಣ ನಾಲ್ಕೂ ಕಾಲು ಚಾಚಿ ದೋಸೆ ಹುಯ್ದ ಹಾಗೆ ಮಲಗಿಬಿಡ್ತಾನೆ. ಮನೆಯಿಂದ ಹೊರಗೆ ಹೋಗೋ ದಾರೀಲಿ ಒಂದು ದಿನವೂ ಮಲಗಿಲ್ಲ, ಗಮನಿಸಿ. ಆಟೋದವರು ಇಳಿದು ಬಂದು "ನಾಯಿಗೆ ಊಟ ಹಾಕಿಲ್ವೇನಮ್ಮ" ಅಂತ ಕೇಳಿದ್ದಾರೆ. ಕಾಂಪೌಂಡ್ ಮೇಲಿಂದ ಯಾರಾದ್ರೂ "ಗುಂಡಾ" ಅಂದ್ರೆ ಕಿವಿ ಮಾತ್ರ ಆಡುತ್ತೆ. ನಾನು ಪಟ್ಟಿ ಬಿಟ್ಟು "ಆಯ್ತು, ಇಲ್ಲೇ ಇರು" ಅಂತ ಹತ್ತು ಹೆಜ್ಜೆ ಹೋದ್ರೆ ಒಂದು ಕಣ್ಣು ತೆಗೀತಾನೆ. ನಾನು ಮೂಲೆ ತಿರುಗಿದ ಮೇಲೆ, ಯಾರೂ ನೋಡ್ತಿಲ್ಲ ಅಂತ ಖಾತ್ರಿ ಮಾಡ್ಕೊಂಡು, ಎದ್ದು ಬರ್ತಾನೆ.

ಇದಕ್ಕೆ ನಾನು ಎಷ್ಟು ಒಗ್ಗಿಹೋಗಿದ್ದೆ ಅಂದ್ರೆ, ನಾಲ್ಕು ವರ್ಷದ ಹಿಂದೆ ಮಾರ್ಚಿನ ಒಂದು ಬೆಳಿಗ್ಗೆ ತಡವಾಗಿ ಹೊರಟು, ಒಂಬತ್ತೂವರೆ ಆಗಿತ್ತು, ಅವನು ಪಾರ್ಕಿನ ಗೇಟಿನ ಹತ್ತಿರ ಮಲಗಿದಾಗ ಇದೂ ನಾಟಕ ಅಂದ್ಕೊಂಡೆ. ಎಳೆದೆ. ಬೈದೆ. "ಎಲ್ಲರೂ ನೋಡ್ತಿದಾರೆ, ಏಳೋ" ಅಂದೆ. ಮೂಲೆ ತಿರುಗಿ ಕಾದೆ. ಬರಲಿಲ್ಲ. ವಾಪಸ್ ಬಂದು ನೋಡಿದ್ರೆ ಬಾಯಿ ಕಿವಿ ತನಕ ತೆರೆದಿದೆ, ಗಂಟಲಿಂದ ಗರಗಸ ಎಳೆದ ಹಾಗೆ ಸದ್ದು, ಜೊಲ್ಲು ನೊರೆ ಆಗಿದೆ. ತುಟಿ ಎತ್ತಿದೆ. ಒಸಡು ನೇರಳೆ ಹಣ್ಣು ತಿಂದ ಬಣ್ಣ.

ಪಾರ್ಕಿನ ಮಾಲಿ ಪೈಪು ಎಳ್ಕೊಂಡು ಬಂದು ಹೊಟ್ಟೆಗೆ, ತೊಡೆ ಸಂದಿಗೆ, ಪಾದಕ್ಕೆ ನೀರು ಹಿಡಿದ್ರು. ಇಬ್ಬರು ಕಾಲೇಜು ಹುಡುಗರು ಎತ್ತಿ ಆಟೋಕ್ಕೆ ಹಾಕಿದ್ರು. ಡಾಕ್ಟ್ರ ಹತ್ತಿರ ಮಧ್ಯಾಹ್ನದ ತನಕ ಆಕ್ಸಿಜನ್, ಡ್ರಿಪ್ಪು. ಸಂಜೆ ಅವನು ನನ್ನ ಸೆರಗು ಕಚ್ಚಿ ಎಳೆದ ಮೇಲೆ ನಾನು ನೀರು ಕುಡಿದೆ.

ಡಾಕ್ಟ್ರು ಅವತ್ತು ಒಂದು ಪೇಪರಲ್ಲಿ ಚಿತ್ರ ಬರೆದು ತೋರಿಸಿದ್ರು. ನಾಯಿಗೆ ಮೈ ಬೆವರೋದಿಲ್ಲ, ನಾಲಿಗೆ ಹೊರಗೆ ಹಾಕಿ ಏದುಸಿರು ಬಿಟ್ಟೇ ತಣ್ಣಗಾಗಬೇಕು. ಬುಲ್‌ಡಾಗಿನ ಮುಖದ ಮೂಳೆಯನ್ನ ಒಳಗೆ ತಳ್ಳಿದ್ರು, ಆದರೆ ಮೂಳೆ ಒಳಗಿನ ಮಾಂಸ ಅಷ್ಟೇ ಉಳೀತು. ದೊಡ್ಡ ಹಾಸಿಗೆಯನ್ನ ಸಣ್ಣ ಪೆಟ್ಟಿಗೆಗೆ ತುರುಕಿದ ಹಾಗೆ. ಮೂಗಿನ ಹೊಳ್ಳೆ ಸೀಳುಗೆರೆಯಷ್ಟು, ಬಾಯೊಳಗಿನ ಮೆದು ಅಂಗಳ ಉದ್ದವಾಗಿ ಗಂಟಲಿಗೆ ಜೋತು ಬಿದ್ದಿರುತ್ತೆ. ಏದುಸಿರು ಬಿಟ್ಟಷ್ಟೂ ಆ ಮಾಂಸ ಊದಿಕೊಂಡು ದಾರಿ ಇನ್ನೂ ಮುಚ್ಚುತ್ತೆ. ನಾವು ತಮಾಷೆ ಮಾಡೋ ಗೊರಕೆಯೂ ಅದೇ. 1987ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು, ಮನುಷ್ಯರಿಗೆ ನಿದ್ದೇಲಿ ಉಸಿರು ನಿಂತು ನಿಂತು ಬರೋ ಕಾಯಿಲೆ ಇದೆಯಲ್ಲ, ಅದನ್ನ ಅಭ್ಯಾಸ ಮಾಡೋಕೆ ಇಂಗ್ಲಿಷ್ ಬುಲ್‌ಡಾಗನ್ನೇ ಆರಿಸ್ಕೊಂಡ್ರು. ಈ ತಳಿಗೆ ಆ ಕಾಯಿಲೆ ಹುಟ್ಟಾ ಇರುತ್ತೆ.

ಅವತ್ತಿನಿಂದ ಮಾರ್ಚಿಂದ ಮೇವರೆಗೆ ಆರೂವರೆ ಒಳಗೆ ಮನೆ ಸೇರ್ತೀವಿ. ಅವನು ಮಲಗಿದ್ರೆ ನಾನು ಬೈಯೋದಕ್ಕೆ ಮೊದಲು ಬಗ್ಗಿ, ಸೊಂಟ ಹೋದ್ರೂ ಹೋಗ್ಲಿ ಅಂತ, ತುಟಿ ಎತ್ತಿ ಒಸಡು ನೋಡ್ತೀನಿ. ಬಾಯಿ ಮುಚ್ಚಿ, ಗದ್ದ ನೆಲಕ್ಕಿಟ್ಟು, ಕಣ್ಣಿನ ಮೂಲೇಲಿ ನನ್ನನ್ನೇ ನೋಡ್ತಿದ್ರೆ ಅದು ಕಿಲಾಡಿತನ. ಬಾಯಿ ತೆರೆದು, ನನ್ನನ್ನ ನೋಡದೆ ಇದ್ರೆ ನೀರು. ಎಷ್ಟು ಜನ ಇಂಥ ನಾಯಿಗಳನ್ನ ಸೋಮಾರಿ, ಮೊಂಡ ಅಂತ ಬೈತಾರೋ. ಆ ತೀರ್ಪುಗಾರರ 77ನೇ ರ‍್ಯಾಂಕಿನಲ್ಲಿ ಎಷ್ಟು ಭಾಗ ಬುದ್ಧಿದು, ಎಷ್ಟು ಭಾಗ ಉಸಿರಿಂದು ಅಂತ ನನಗೆ ಅನುಮಾನ ಶುರುವಾದದ್ದು ಅವತ್ತೇ. ಆಸ್ತಮಾ ಇದ್ದ ಹುಡುಗನನ್ನ ಹಿಂದಿನ ಬೆಂಚಲ್ಲಿ ತೂಕಡಿಸ್ತಾನೆ ಅಂತ ನಾನೂ ಒಂದು ವರ್ಷ ನಿಲ್ಲಿಸಿದ್ದೆ.

ಉಸಿರು ಸರಿ ಇದ್ದು ಮನಸ್ಸು ಬಂದ್ರೆ ಇವು ಏನು ಮಾಡ್ತವೆ ಅಂತನೂ ಹೇಳಬೇಕು. ಅಮೆರಿಕದಲ್ಲಿ ಟಿಲ್‌ಮನ್ ಅಂತ ಒಂದು ಬುಲ್‌ಡಾಗ್ ಇತ್ತು. 2009ರ ಜುಲೈನಲ್ಲಿ ಲಾಸ್ ಏಂಜಲೀಸಲ್ಲಿ ಸ್ಕೇಟ್‌ಬೋರ್ಡ್ ಮೇಲೆ ನೂರು ಮೀಟರನ್ನ 19.678 ಸೆಕೆಂಡಲ್ಲಿ ಮುಗಿಸಿ ಗಿನ್ನೆಸ್ ದಾಖಲೆ ಮಾಡ್ತು. ಅದೇ ವರ್ಷ ಆಗಸ್ಟಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ ಅದೇ ನೂರು ಮೀಟರನ್ನ 9.58ಕ್ಕೆ ಓಡಿದ್ದು. ಎರಡರಷ್ಟು ಟೈಮು, ಆದರೆ ಟಿಲ್‌ಮನ್ ಎಷ್ಟೋ ದೂರ ಹಲಗೆ ಮೇಲೆ ಸುಮ್ಮನೆ ನಿಂತಿದ್ದ! 2015ರಲ್ಲಿ ಪೆರುವಿನ ಲಿಮಾದಲ್ಲಿ ಒಟ್ಟೊ ಅನ್ನೋ ಬುಲ್‌ಡಾಗ್, ಸಾಲಾಗಿ ಕಾಲಗಲಿಸಿ ನಿಂತ 30 ಜನರ ಕಾಲುಗಳ ನಡುವೆ ಸ್ಕೇಟ್‌ಬೋರ್ಡಲ್ಲಿ ನುಸುಳಿಹೋಯ್ತು. ಜನರ ಕಾಲಿಗೆ ತಾಗದ ಹಾಗೆ ಮೈ ಒಂದು ಕಡೆಗೆ ವಾಲಿಸಿ ಹಲಗೆ ತಿರುಗಿಸಬೇಕು. ವಿಡಿಯೊ ನೋಡಿ. ಯಾರೂ ಹಗ್ಗ ಹಿಡ್ಕೊಂಡಿಲ್ಲ, ಕೂಗ್ತಾ ಇಲ್ಲ. ಬುಲ್‌ಡಾಗುಗಳಿಗೆ ಆ ಹಲಗೆ ಅಂದ್ರೆ ಹುಚ್ಚು ಯಾಕೆ ಅಂದ್ರೆ, ನನ್ನ ಊಹೆ, ಓಡದೆ ಓಡಿದ ಸುಖ ಸಿಗುತ್ತೆ.

ಅಮೆರಿಕದ ಮರೀನ್ ಪಡೆಯವರು 1922ರಿಂದ ಬುಲ್‌ಡಾಗನ್ನ ಲಾಂಛನವಾಗಿ ಇಟ್ಕೊಂಡು, ದರ್ಜೆ ಕೊಟ್ಟು, ಸಮವಸ್ತ್ರ ಹಾಕ್ತಾರೆ. ಹೇಳಿದ್ದು ಕೇಳೋದೇ ಕಸುಬಾಗಿರೋ ಜನ, ಹೇಳಿದ್ದು ಕೇಳದ ನಾಯಿ. 2012ರಲ್ಲಿ ಚೆಸ್ಟಿ ಅನ್ನೋ ಅವರ ನಾಯಿ, ಪಥಸಂಚಲನಕ್ಕೆ ಬಂದಿದ್ದ ರಕ್ಷಣಾ ಸಚಿವ ಲಿಯಾನ್ ಪನೆಟ್ಟಾ ಅವರ ನಾಯಿ ಮೇಲೇ ಗುರ್ ಅಂತು.

ಇಲ್ಲಿನದ್ದೂ ಒಂದು. 2024ರ ಮಾರ್ಚಲ್ಲಿ ಕೇಂದ್ರದಿಂದ 23 ಉಗ್ರ ತಳಿಗಳನ್ನ ಸಾಕಬಾರದು ಅಂತ ಸುತ್ತೋಲೆ ಬಂತಲ್ಲ, ಅದರಲ್ಲಿ ಅಮೆರಿಕನ್ ಬುಲ್‌ಡಾಗ್ ಹೆಸರಿತ್ತು. ನಮ್ಮ ಬೀದಿಯ ಮೂವರು ಹಿರಿಯರು ಮೊಬೈಲ್ ಹಿಡ್ಕೊಂಡು ಮನೆಗೆ ಬಂದ್ರು. ಇಲ್ಲೇ ಕೂತಿದ್ದಾರೆ, ಬೇಜಾರು ಮಾಡ್ಕೋಬಾರದು. ಅದು ಬೇರೆ ತಳಿ, ಎತ್ತರದ್ದು, ಇದು ಇಂಗ್ಲಿಷ್ ಅಂತ ನಾನು ವಿವರಿಸ್ತಾ ಇದ್ದೆ. ಉಗ್ರ ಪ್ರಾಣಿ ಅವರಲ್ಲೊಬ್ಬರ ಪಾದದ ಮೇಲೆ ತಲೆ ಇಟ್ಟು ಗೊರಕೆ ಹೊಡೀತಿತ್ತು. ಅವರು ಅರ್ಧ ಗಂಟೆ ಕಾಲು ಅಲ್ಲಾಡಿಸಲಿಲ್ಲ, ಎಚ್ಚರ ಆದೀತು ಅಂತ. ಏಪ್ರಿಲಲ್ಲಿ ನಮ್ಮ ಹೈಕೋರ್ಟು ಆ ಸುತ್ತೋಲೆಯನ್ನೇ ರದ್ದು ಮಾಡಿತು.

ಕೊನೇಲಿ ಒಬ್ಬ ಹುಡುಗ ಕೇಳಿದ ಪ್ರಶ್ನೆ: "ಮಿಸ್, ನಾವೂ ಒಂದು ತಗೊಳ್ಳಬಹುದಾ?"

ತಗೋಬೇಡಪ್ಪ ಅಂದೆ. ಅವನ ಮುಖ ಸಣ್ಣಗಾಯ್ತು, ಕಾರಣ ಹೇಳಬೇಕಾಯ್ತು. ತಲೆ ದೊಡ್ಡದು, ತಾಯಿಯ ಸೊಂಟ ಕಿರಿದು. ಬ್ರಿಟನ್ನಿನ ಲೆಕ್ಕದಲ್ಲಿ ಬುಲ್‌ಡಾಗಿನ ಹೆರಿಗೆಗಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಸಿಸೇರಿಯನ್. ತಳಿಗಳ ಲಕ್ಷಣ ಗೊತ್ತುಮಾಡೋ ಅಲ್ಲಿನ ಕೆನಲ್ ಕ್ಲಬ್ಬಿನವರೇ 2009ರಲ್ಲಿ ಲಕ್ಷಣದ ಬರಹ ತಿದ್ದಿ, ಮುಖದ ಮಡಿಕೆ ಕಡಿಮೆ ಇರಲಿ, ಕಾಲು ಸ್ವಲ್ಪ ಉದ್ದ ಇರಲಿ ಅಂತ ಹೇಳಬೇಕಾಯ್ತು. ದಿನಾ ಬೆಳಿಗ್ಗೆ ನಾನು ಗುಂಡನ ಮೂಗಿನ ಮೇಲಿನ ಮಡಿಕೆ ಬಿಡಿಸಿ ಒದ್ದೆ ಬಟ್ಟೇಲಿ ಒರೆಸಿ, ಒಣ ಬಟ್ಟೇಲಿ ಮತ್ತೆ ಒರೆಸ್ತೀನಿ. ಸುರುಳಿ ಬಾಲದ ಕೆಳಗೆ ಒಂದು ಗುಳಿ ಇದೆ, ಅದರಲ್ಲಿ ಬೆರಳಿಗೆ ಹತ್ತಿ ಸುತ್ತಿ ತಿರುಗಿಸಬೇಕು. ಒಂದು ದಿನ ಬಿಟ್ರೆ ವಾಸನೆ, ಮೂರು ದಿನ ಬಿಟ್ರೆ ಹುಣ್ಣು. ಆ ಕೆಲಸದ ಹೊತ್ತಲ್ಲಿ ಅವನು ಗೋಡೆ ನೋಡ್ಕೊಂಡು ನಿಂತಿರ್ತಾನೆ, ಬ್ಯಾಂಕಿನ ಕ್ಯೂನಲ್ಲಿ ನಿಂತವರ ಹಾಗೆ. ಇವನ ತುಂಟತನಕ್ಕೆ ನಾನು ಮನಸ್ಸು ಸೋತಿದ್ದೀನಿ, ನಿಜ. ಇಂಥ ಮೈಯಲ್ಲಿ ಅಂಥ ಜೀವ ಇನ್ನೊಂದು ಹುಟ್ಟಲಿ ಅಂತ ದುಡ್ಡು ಕೊಡೋಕೆ ನನಗೆ ಕೈ ಬರಲ್ಲ. ಬೀದೀಲಿ ಮೂತಿ ಉದ್ದ ಇರೋ ಮರಿಗಳು ಬೇಕಾದಷ್ಟಿವೆ. ಅವೂ ಕನ್ನಡಕ ಕದೀತವೆ.

"ನೋಡೋಕಾದ್ರೂ ಬರಲಾ?" ಅಂದ. ಬಾ, ಸಂಜೆ ಆರರ ಮೇಲೆ ಬಾ. ಕೈಯಲ್ಲಿ ಬೆಲೆಬಾಳೋದು ಏನೂ ಹಿಡ್ಕೊಂಡು ಬರಬೇಡ.

ಇವತ್ತು ನಮ್ಮ ಕಡೆ ಹನ್ನೊಂದೂವರೆಗೆ ಕರೆಂಟ್ ತೆಗೀತಾರಂತೆ, ಫ್ಯಾನ್ ನಿಂತ್ಹೋಗುತ್ತೆ. ಒದ್ದೆ ಟವಲ್ ಹಾಸಬೇಕು. ನಾನು ಹೊರಡ್ತೀನಿ. ದಾರೀಲಿ ಸೌತೆಕಾಯಿನೂ ತಗೋಬೇಕು.